ಎಣ್ಣೆಯ ಜಾಡಿಯಲ್ಲಿ ಎಣಿಸಿದ ಆಮೆಗಳು

ಜನ ಹಿಡಿದು ತಿನ್ನದೆ ಬಿಟ್ಟಿದ್ದರೆ ಒರಿನೋಕೊ ನದಿಯಲ್ಲಿ ಆಮೆಗಳ ದಟ್ಟಣೆಗೆ ದೋಣಿ ಮುಂದೆ ಸಾಗುತ್ತಲೇ ಇರಲಿಲ್ಲ ಎಂದು ಬರೆದವರು ಒಬ್ಬ ಪಾದ್ರಿ. ಹೆಸರು ಹೋಸೆ ಗುಮಿಯಾ, ಜೆಸ್ವಿಟ್ ಪಂಥದವರು. ದಕ್ಷಿಣ ಅಮೆರಿಕದ ಆ ಮಹಾನದಿಯ ದಡದಲ್ಲಿ ವರ್ಷಗಟ್ಟಲೆ ಇದ್ದು 1741ರಲ್ಲಿ ಅದರ ಬಗ್ಗೆ ಒಂದು ಪುಸ್ತಕ ಹೊರತಂದರು. ದಂಡೆಯ ಮರಳನ್ನು ಎಣಿಸುವುದು ಎಷ್ಟು ಕಷ್ಟವೋ ಹೊಳೆಯ ಆಮೆ ಎಣಿಸುವುದೂ ಅಷ್ಟೇ ಕಷ್ಟ ಎಂಬುದು ಅವರ ಅಂಬೋಣ. ಒರಿನೋಕೊ ಎಂದರೆ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿ ಹರಿಯುವ ನೀರು. ಎಷ್ಟೋ ಕಡೆ ಆಚೆ ದಡ ಬರೀ ಒಂದು ಗೆರೆಯಂತೆ ಕಾಣುತ್ತದೆ. ಅಂಥ ಹೊಳೆಗೆ ಆಮೆ ಅಡ್ಡಗಟ್ಟುವುದೆಂದರೆ! ಕಥೆ ಹೇಳುವ ಅಜ್ಜ ಮೀನಿನ ಉದ್ದ ತೋರಿಸುತ್ತಾ ಕೈ ಅಗಲಿಸುತ್ತಲೇ ಹೋದ ಹಾಗಿದೆ.

ಸುಮಾರು ಅರವತ್ತು ವರ್ಷದ ಮೇಲೆ, 1800ರ ಏಪ್ರಿಲ್‌ನಲ್ಲಿ, ಅದೇ ಹೊಳೆಯಲ್ಲಿ ಇನ್ನೊಂದು ದೋಣಿ ಬಂತು. ಅದರಲ್ಲಿದ್ದವನು ಅಲೆಕ್ಸಾಂಡರ್ ಫಾನ್ ಹಂಬೋಲ್ಟ್, ಮೂವತ್ತರ ಹರೆಯದ ಜರ್ಮನ್. ಈತ ಅಳೆಯದೆ ಏನನ್ನೂ ನಂಬುವ ಜಾತಿಯಲ್ಲ. ಬೆಟ್ಟ ಕಂಡರೆ ಎತ್ತರ, ನೀರು ಕಂಡರೆ ಬಿಸಿ ಎಷ್ಟು ಎಂದು ನೋಡುವುದು ಹಾಗಿರಲಿ, ಆಕಾಶದ ನೀಲಿ ಎಷ್ಟು ನೀಲಿ ಎಂದು ಅಳೆಯುವುದಕ್ಕೂ ಜೊತೆಯಲ್ಲಿ ಒಂದು ಉಪಕರಣ ಇಟ್ಟುಕೊಂಡಿದ್ದ. ಉರುವಾನ ಎಂಬ ಊರಿನ ಸಮೀಪದ ಮರಳ ದ್ವೀಪದಲ್ಲಿ ಆತ ಇಳಿದಾಗ ಅಲ್ಲಿ ಜಾತ್ರೆ ನೆರೆದಿತ್ತು. ಬೇರೆ ಬೇರೆ ಬುಡಕಟ್ಟಿನವರು ತಾಳೆಗರಿಯ ಗುಡಿಸಲು ಹಾಕಿಕೊಂಡಿದ್ದರು. ಎಣ್ಣೆ ವ್ಯಾಪಾರಿಗಳು ದೂರದ ಅಂಗೊಸ್ತುರಾ ಪಟ್ಟಣದಿಂದ ಬಂದಿದ್ದರು. ಇಷ್ಟು ಜನ ನೆರೆದದ್ದು ಮರಳೊಳಗಿನ ಮೊಟ್ಟೆಗಾಗಿ.

ಮೊಟ್ಟೆ ಇಟ್ಟದ್ದು ಅರ್ರಾವು ಆಮೆ. ವೆನೆಜುವೆಲಾದವರ ಬಾಯಲ್ಲಿ ಅದು ಅರ್ರಾವು, ಪೆರುವಿನವರಿಗೆ ಚರಾಪಾ, ಬ್ರೆಜಿಲ್‌ನವರಿಗೆ ಅಮೆಜಾನಿನ ಆಮೆ; ವಿಜ್ಞಾನದ ಹೆಸರು ಪೊಡೊಕ್ನೆಮಿಸ್ ಎಕ್ಸ್‌ಪಾನ್ಸಾ. ದಕ್ಷಿಣ ಅಮೆರಿಕದ ನದಿಗಳಲ್ಲಿ ಇದಕ್ಕಿಂತ ದೊಡ್ಡ ಆಮೆ ಈಗ ಇಲ್ಲ. ದೊಡ್ಡ ಹೆಣ್ಣಿನ ಚಿಪ್ಪು ಒಂದು ಮೀಟರಿಗೆ ಹತ್ತಿರ ಬರುತ್ತದೆ, ತೂಕ 90 ಕಿಲೋ ಮುಟ್ಟಬಲ್ಲದು. ಗಂಡು ಅದರ ಮುಂದೆ ಏನೇನೂ ಅಲ್ಲ. ಅದು ಎಷ್ಟು ಚಿಕ್ಕದೆಂದರೆ ಬ್ರೆಜಿಲ್‌ನವರು ಅದಕ್ಕೆ ಕಪಿತಾರಿ ಎಂದು ಬೇರೆಯೇ ಹೆಸರಿಟ್ಟು ಕರೆಯುತ್ತಾರೆ.

ದ್ವೀಪದ ಮೇಲೆ ಹಂಬೋಲ್ಟ್‌ಗೆ ಕಂಡದ್ದು ಬರೀ ಸಮತಟ್ಟು ಮರಳು. ಆದರೆ ಜನ ಉದ್ದನೆಯ ಕೋಲನ್ನು ನೆಟ್ಟಗೆ ಚುಚ್ಚುತ್ತಾ ಹೋಗುತ್ತಿದ್ದರು. ಕೋಲು ಬಿಗಿಯಾಗಿ ಇಳಿಯುತ್ತಾ ಇಳಿಯುತ್ತಾ ಒಮ್ಮೆಲೇ ಸಡಿಲಾಗಿ ಸರ್ರನೆ ಜಾರಿದರೆ ಅಲ್ಲಿ ಮೊಟ್ಟೆ ಇದೆ ಎಂದರ್ಥ. ಒಂದು ಕಡೆಯಲ್ಲ, ಎರಡು ಕಡೆಯಲ್ಲ; ದಂಡೆಯುದ್ದಕ್ಕೂ ನೆಲದಡಿ ಗಣಿಯ ಅದಿರಿನಂತೆ ಮೊಟ್ಟೆಯ ಪದರವೇ ಹಾಸಿಕೊಂಡಿತ್ತು. ಅಲ್ಲಿನವರು ಮಾತಾಡುತ್ತಿದ್ದುದೂ ಗಣಿಯವರ ಹಾಗೆ: ಇಷ್ಟು ಅಗಲದ ಮರಳು ಇಷ್ಟು ಜಾಡಿ ಎಣ್ಣೆ ಕೊಡುತ್ತದೆ ಎಂದು. ಹಂಬೋಲ್ಟ್ ತನ್ನ ಲೆಕ್ಕದ ಪುಸ್ತಕ ತೆಗೆದ.

ಆ ಲೆಕ್ಕವನ್ನು ಒಮ್ಮೆ ಅವನ ಜೊತೆ ಕೂತು ಮಾಡಬೇಕು. ಅದರಲ್ಲೊಂದು ರುಚಿ ಇದೆ. ಒಂದು ಬಾಟಲಿ ಎಣ್ಣೆಗೆ 200 ಮೊಟ್ಟೆ ಬೇಕು. ಒಂದು ಜಾಡಿಗೆ 25 ಬಾಟಲಿ. ಅಂದರೆ ಜಾಡಿಗೆ 5,000 ಮೊಟ್ಟೆ. ಆ ಭಾಗದ ಮೂರು ದೊಡ್ಡ ಮರಳದಂಡೆಗಳಿಂದ ವರ್ಷಕ್ಕೆ ಹೊರಡುವುದು 5,000 ಜಾಡಿ. ಗುಣಿಸಿದರೆ 2.5 ಕೋಟಿ. ಒಂದು ಆಮೆ ಇಡುವುದು 100ರಿಂದ 116 ಮೊಟ್ಟೆ, ಆದರೆ ಎಲ್ಲವೂ ಎಣ್ಣೆಯಾಗುವುದಿಲ್ಲ. ಬಹಳಷ್ಟು ಒಡೆದು ಹೋಗುತ್ತವೆ. ಒಡೆಯುವವರಲ್ಲಿ ಮನುಷ್ಯರಿಗಿಂತ ಮುಂದೆ ಇದ್ದವು ಆಮೆಗಳೇ. ಮೊಟ್ಟೆ ಇಡುವುದು ರಾತ್ರಿಯ ಕೆಲಸ. ರಾತ್ರಿಯೆಲ್ಲ ಜಾಗ ಸಿಗದೆ ಬೆಳಕು ಹರಿದ ಮೇಲೂ ಗುಂಡಿ ತೋಡುತ್ತಾ, ಇನ್ನೊಂದರ ಗೂಡನ್ನೇ ಬಗೆದು ಹಾಕುತ್ತಾ ಇರುವ ಆಮೆಗಳಿಗೆ ಅಲ್ಲಿನವರು ಹುಚ್ಚು ಆಮೆ ಎನ್ನುತ್ತಿದ್ದರು. ಜಾಗ ಸಾಲದೆ ಹುಚ್ಚು ಹಿಡಿಯುವಷ್ಟು ನೂಕುನುಗ್ಗಲು. ಈ ನಷ್ಟವನ್ನೆಲ್ಲ ಸೇರಿಸಿ ಹಂಬೋಲ್ಟ್ ಕೊನೆಗೆ ಬರೆದ ಅಂಕಿ: 3,30,000 ಆಮೆಗಳು, 3.3 ಕೋಟಿ ಮೊಟ್ಟೆಗಳು. ಆಮೆಗಳ ಒಟ್ಟು ತೂಕವನ್ನೂ ಬಿಡಲಿಲ್ಲ; 1,65,000 ಕ್ವಿಂಟಲ್ ಎಂದ. ಅದು ಹಳೆಯ ಸ್ಪ್ಯಾನಿಷ್ ಕ್ವಿಂಟಲ್, ಸುಮಾರು 46 ಕಿಲೋದ್ದು. ನಮ್ಮ ಅಳತೆಗೆ ತಂದರೆ ಏಳೂವರೆ ಸಾವಿರ ಟನ್ ಆಮೆ, ಮೂರೇ ಮೂರು ದಂಡೆಯ ಮೇಲೆ.

ಈ ಅಂಕಿಯನ್ನು ಕಣ್ಣ ಮುಂದೆ ತಂದುಕೊಳ್ಳುವುದು ಹೇಗೆ? ಮೊಟ್ಟೆ ದುಂಡಗೆ, ಸುಮಾರು ನಾಲ್ಕು ಸೆಂಟಿಮೀಟರ್ ಅಡ್ಡಳತೆಯದು. 3.3 ಕೋಟಿ ಮೊಟ್ಟೆಯನ್ನು ಒಂದಕ್ಕೊಂದು ತಾಗಿಸಿ ಸಾಲಾಗಿ ಇಟ್ಟರೆ 1,320 ಕಿಲೋಮೀಟರ್. ತಲಕಾವೇರಿಯಿಂದ ಹೊರಟ ಸಾಲು ಹೊಳೆಯ ಜೊತೆಗೇ ಇಳಿದು ಪೂಂಪುಹಾರಿನ ಕಡಲು ಮುಟ್ಟಿ, ತಿರುಗಿ ಅರ್ಧಕ್ಕೂ ಹೆಚ್ಚು ಹೊಳೆಯನ್ನು ಮತ್ತೆ ಹತ್ತಿರುತ್ತದೆ. ಸೆಕೆಂಡಿಗೊಂದರಂತೆ ಊಟ ನಿದ್ದೆ ಬಿಟ್ಟು ಎಣಿಸಿದರೆ ವರ್ಷ ಕಳೆದ ಮೇಲೂ 17 ದಿನ ಬೇಕು.

ಇಷ್ಟಕ್ಕೂ ಹಂಬೋಲ್ಟ್ ಒಂದೇ ಒಂದು ಆಮೆಯನ್ನೂ ಎಣಿಸಿರಲಿಲ್ಲ. ಎಣಿಸಿದ್ದು ಜಾಡಿಗಳನ್ನು. ಮೂರು ದಂಡೆಗೆ ಬಾರದೆ ಬೇರೆಡೆ ಮೊಟ್ಟೆಯಿಡುವ ಆಮೆಗಳನ್ನೂ ಅಂದಾಜಿಗೆ ತಂದುಕೊಂಡು, ಕೆಳಗಿನ ಒರಿನೋಕೊದಲ್ಲಿ ಮೊಟ್ಟೆಯಿಡುವ ಆಮೆಗಳೇ ಹತ್ತು ಲಕ್ಷಕ್ಕೆ ಹತ್ತಿರ ಇರಬೇಕು ಎಂದ. ಗುಮಿಯಾ ಪಾದ್ರಿಗಳ ಮಾತು ಉತ್ಪ್ರೇಕ್ಷೆಯೇ ಸರಿ. ಆದರೆ ನಾವು ನಗುವಷ್ಟು ಉತ್ಪ್ರೇಕ್ಷೆಯೇನೂ ಅಲ್ಲ.

ಜೆಸ್ವಿಟರ ಕಾಲದಲ್ಲಿ ದಂಡೆಯ ಒಂದು ಭಾಗವನ್ನು ಅಗೆಯದೆ ಬಿಡುವ ಕಟ್ಟಳೆ ಇತ್ತು. ಅವರು ಹೋಗಿ ಫ್ರಾನ್ಸಿಸ್ಕನ್ ಪಾದ್ರಿಗಳು ಬಂದ ಮೇಲೆ ಇಡೀ ದಂಡೆ ಅಗೆಯತೊಡಗಿದರು, ವರ್ಷ ವರ್ಷಕ್ಕೆ ಜಾಡಿ ಕಡಿಮೆಯಾಗುತ್ತಿದೆ ಎಂಬ ಗೊಣಗಾಟವೂ ಶುರುವಾಯಿತು. ಹಂಬೋಲ್ಟ್ ಇದನ್ನೂ ಬರೆದಿಟ್ಟಿದ್ದಾನೆ.

ಅರ್ಧ ಶತಮಾನ ದಾಟಿಸಿ, ಒರಿನೋಕೊ ಬಿಟ್ಟು ಅಮೆಜಾನಿಗೆ ಬರೋಣ. ಹೆನ್ರಿ ವಾಲ್ಟರ್ ಬೇಟ್ಸ್ ಎಂಬ ಇಂಗ್ಲಿಷ್ ಕೀಟಶಾಸ್ತ್ರಜ್ಞ ಚಿಟ್ಟೆ ಹಿಡಿಯಲು ಹೋದವನು, ಎಗಾ ಎಂಬ ಊರಿನಲ್ಲಿ (ಈಗ ಅದು ತೆಫೆ) ವರ್ಷಗಟ್ಟಲೆ ನೆಲೆಸಿದ್ದ. ಆ ಊರಿನ ಪ್ರತಿ ಮನೆಯ ಹಿತ್ತಲಲ್ಲೂ ಒಂದು ಪುಟ್ಟ ಹೊಂಡ, ಹೊಂಡದ ತುಂಬಾ ಆಮೆ. ಮಳೆಗಾಲಕ್ಕೆ ನಾವು ಹಪ್ಪಳ ಉಪ್ಪಿನಕಾಯಿ ಮಾಡಿಟ್ಟುಕೊಂಡ ಹಾಗೆ. ಮೊದಮೊದಲು ಬೇಟ್ಸ್‌ಗೂ ಆಮೆಯ ಅಡುಗೆ ಹಿಡಿಸಿತ್ತು. ದಿನವೂ ಅದೇ ಆದಾಗ ವಾಸನೆ ಬಂದರೂ ಹೊಟ್ಟೆ ತೊಳಸುವಷ್ಟು ಸಾಕಾಯಿತು.

ಮೊಟ್ಟೆ ತೆಗೆಯುವ ಹಬ್ಬಕ್ಕೆ ಆತನೂ ಹೋದ. ನದಿ ಇಳಿದು ಮರಳದಂಡೆ ಬಿಟ್ಟುಕೊಂಡ ತಿಂಗಳುಗಳಲ್ಲಿ ಅಲ್ಲಿ ಕಾವಲುಗಾರರು ಇರುತ್ತಿದ್ದರು. ಹೊಲ ಕಾಯುವವರಂತೆ ಮರದ ಮೇಲೆ ಅಟ್ಟಣೆ ಕಟ್ಟಿ ಕೂರುತ್ತಿದ್ದರು. ದೋಣಿಯ ಸದ್ದಾಗಲಿ ಬೆಂಕಿಯ ಬೆಳಕಾಗಲಿ ಆಮೆಗೆ ತಾಗದಂತೆ ನೋಡಿಕೊಳ್ಳುವುದು ಅವರ ಕೆಲಸ. ಆಮೆ ನಿಶ್ಚಿಂತೆಯಿಂದ ಮೊಟ್ಟೆ ಇಟ್ಟು ಮುಗಿಸಬೇಕು, ಆಮೇಲಷ್ಟೇ ಜನ ಇಳಿಯಬೇಕು. ಕಾತುವಾ ದ್ವೀಪದಲ್ಲಿ ಸುಮಾರು 400 ಮಂದಿ ಸೇರಿದ್ದರು, ನಾಲ್ಕು ದಿನ ಅಗೆದರು. ಒಂದೊಂದು ಗುಡಿಸಲಿನ ಪಕ್ಕದಲ್ಲೂ ನಾಲ್ಕೈದು ಅಡಿ ಎತ್ತರದ ಮೊಟ್ಟೆಯ ರಾಶಿ ಎದ್ದಿತು. ರಾಶಿಯನ್ನು ಖಾಲಿ ದೋಣಿಗೆ ಸುರಿದು ಮರದ ಕವೆಯಿಂದ ಜಜ್ಜುವುದು. ಕೆಲವೊಮ್ಮೆ ಮಕ್ಕಳು ಬತ್ತಲೆ ಇಳಿದು, ಮೈತುಂಬಾ ಹಳದಿ ಮಾಡಿಕೊಂಡು ತುಳಿಯುವುದು. ಮೇಲೆ ನೀರು ಹೊಯ್ದು ಬಿಸಿಲಿಗೆ ಬಿಟ್ಟರೆ ಎಣ್ಣೆ ತೇಲಿ ಬರುತ್ತದೆ. ಅದನ್ನು ಚಿಪ್ಪಿನ ಸೌಟಿನಲ್ಲಿ ಮೇಲಿಂದ ಮೇಲೆ ತೆಗೆದು ತಾಮ್ರದ ಹಂಡೆಯಲ್ಲಿ ಕಾಯಿಸಿದರೆ ಆಯಿತು. ದೀಪಕ್ಕೂ ಅದೇ ಎಣ್ಣೆ, ಮೀನು ಹುರಿಯಲೂ ಅದೇ ಎಣ್ಣೆ.

ಬೇಟ್ಸ್ ಕೂಡ ಗುಣಾಕಾರಕ್ಕೆ ಕೂತ. ಅಮೆಜಾನಿನ ಮೇಲ್ಭಾಗ ಮತ್ತು ಮದೇರಾ ನದಿಯಿಂದ ಪಾರಾ ಪಟ್ಟಣಕ್ಕೆ ವರ್ಷಕ್ಕೆ 6,000 ಜಾಡಿ ಹೋಗುತ್ತದೆ, ಊರವರು ಬಳಸುವುದು ಇನ್ನೊಂದು 2,000. ಅವನ ಜಾಡಿ ಹಂಬೋಲ್ಟ್‌ನ ಜಾಡಿಗಿಂತ ದುಬಾರಿ, ಅಡ್ಡಾದಿಡ್ಡಿ ಕೆಲಸದಿಂದ ಒಂದಕ್ಕೆ 6,000 ಮೊಟ್ಟೆ ಹಿಡಿಯುತ್ತಿತ್ತು. ಒಟ್ಟು 4.8 ಕೋಟಿ. ಆಮೆಗೆ 120ರಂತೆ ಹಿಡಿದರೆ ನಾಲ್ಕು ಲಕ್ಷ ತಾಯಂದಿರ ಆ ವರ್ಷದ ಸಂತಾನ.

ಹೀಗೆ ನಮಗೆ ಉಳಿದಿರುವ ಎರಡು ದೊಡ್ಡ ಹಳೆಯ ಎಣಿಕೆಗಳೂ ಎಣ್ಣೆಯ ಎಣಿಕೆಗಳೇ. ಅಂಗಡಿಯವನ ಪುಸ್ತಕ ನೋಡಿ ಊರಿನ ಜನಸಂಖ್ಯೆ ಹೇಳಿದ ಹಾಗೆ. ಎಷ್ಟು ಆಮೆ ಇದ್ದವು ಎಂಬುದಕ್ಕೆ ಎಷ್ಟನ್ನು ಇಲ್ಲವಾಗಿಸಿದೆವು ಎಂಬುದೇ ಸಾಕ್ಷಿ.

ಆಮೆಯ ಬಗ್ಗೆಯೇ ಸ್ವಲ್ಪ ಹೇಳಬೇಕು, ಏಕೆಂದರೆ ಇದು ನಮ್ಮ ಹೊಳೆ ಕೆರೆಗಳ ಆಮೆಯಂತಲ್ಲ. ಹೆದರಿದಾಗ ನಮ್ಮ ಆಮೆ ಕತ್ತನ್ನು ನೇರವಾಗಿ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅರ್ರಾವು ಹಾಗೆ ಮಾಡಲಾರದು. ಕತ್ತನ್ನು ಪಕ್ಕಕ್ಕೆ ಮಡಿಸಿ ಚಿಪ್ಪಿನ ಅಂಚಿನಡಿ ತೂರಿಸುತ್ತದೆ, ಹಕ್ಕಿ ರೆಕ್ಕೆಯೊಳಗೆ ತಲೆ ಇಟ್ಟು ಮಲಗಿದಂತೆ. ಆಮೆಗಳ ಎರಡು ದೊಡ್ಡ ಕವಲುಗಳು ಬೇರೆಯಾಗುವುದೇ ಈ ಕತ್ತಿನಲ್ಲಿ. ಪಕ್ಕಕ್ಕೆ ಮಡಿಸುವ ಕವಲಿನದು ಈಗ ಭಾರತದಲ್ಲಿ ಒಂದೂ ಇಲ್ಲ. ಹಿಂದೆ ಇತ್ತು. ತಮಿಳುನಾಡಿನ ಅರಿಯಲೂರು ಸೀಮೆಯ ಕಲ್ಲಮೇಡಿನಲ್ಲಿ, ಡೈನೋಸಾರ್‌ಗಳು ಇನ್ನೂ ಓಡಾಡುತ್ತಿದ್ದ ಕಾಲದ ಬಂಡೆಗಳಲ್ಲಿ ಸಿಕ್ಕ ಅಂಥದೊಂದು ಆಮೆಗೆ 2001ರಲ್ಲಿ ವಿಜ್ಞಾನಿಗಳು ಇಟ್ಟ ಹೆಸರು ಕೂರ್ಮಡೆಮಿಸ್ ಕಲ್ಲಮೆಡೆನ್ಸಿಸ್. ಹೌದು, ದಶಾವತಾರದ ಅದೇ ಕೂರ್ಮ.

ಬೆನ್ನ ಮೇಲೆ ಮಂದರ ಪರ್ವತವನ್ನೇ ಹೊರುವ ಗಾತ್ರ ಬೇಕೆಂದರೆ ಅರ್ರಾವಿನ ಕುಟುಂಬದಲ್ಲೇ ಇನ್ನೊಬ್ಬರಿದ್ದಾರೆ. ಸ್ಟುಪೆಂಡೆಮಿಸ್ ಎಂಬ ಆಮೆ, ಸುಮಾರು 1.3 ಕೋಟಿಯಿಂದ 70 ಲಕ್ಷ ವರ್ಷಗಳ ಹಿಂದೆ ಈಗಿನ ವೆನೆಜುವೆಲಾ, ಕೊಲಂಬಿಯಾ ಇರುವ ಕಡೆ ಸಿಹಿನೀರಿನಲ್ಲಿ ಬದುಕಿತ್ತು. ಚಿಪ್ಪಿನ ಉದ್ದ 2.4 ಮೀಟರ್, ಆರಡಿ ಆಳು ಅದರೊಳಗೆ ಕಾಲು ಚಾಚಿ ಮಲಗಿದರೂ ಎರಡಡಿ ಉಳಿಯುತ್ತದೆ. ತೂಕ ಒಂದು ಟನ್ನಿಗೂ ಮೇಲೆ ಎಂದು ಅಂದಾಜು. 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳುವ ಪ್ರಕಾರ ಗಂಡಿನ ಚಿಪ್ಪಿಗೆ ಮುಂಭಾಗದಲ್ಲಿ ಎರಡು ಕೊಂಬಿದ್ದವು. ಇಷ್ಟಾದರೂ ನೆಮ್ಮದಿ ಇರಲಿಲ್ಲ ಎನ್ನುವುದಕ್ಕೆ ಒಂದು ಚಿಪ್ಪಿನಲ್ಲಿ ಭಾರೀ ಮೊಸಳೆಯ ಜಾತಿಯದೊಂದರ ಹಲ್ಲು ಸಿಕ್ಕಿಕೊಂಡೇ ಉಳಿದಿದೆ.

ಅರ್ರಾವಿನ ಬದುಕೆಲ್ಲ ನಿಂತಿರುವುದು ನದಿಯ ಏರಿಳಿತದ ಮೇಲೆ. ನಡು ಅಮೆಜಾನಿನಲ್ಲಿ ಮಳೆಗಾಲಕ್ಕೂ ಬೇಸಿಗೆಗೂ ನೀರಿನ ಮಟ್ಟದಲ್ಲಿ ಹತ್ತು ಮೀಟರಿನಷ್ಟು ವ್ಯತ್ಯಾಸ. ಅಂದರೆ ಮೂರು ಮಹಡಿ. ನೀರೇರಿದಾಗ ಕಾಡೇ ಮುಳುಗುತ್ತದೆ, ಆಮೆ ಮರಗಳ ನಡುವೆ ಈಜಾಡುತ್ತಾ ಉದುರಿದ ಹಣ್ಣು, ಬೀಜ ತಿಂದು ಕೊಬ್ಬುತ್ತದೆ. ನೀರಿಳಿದಾಗ ಬಿಸಿಲಿಗೆ ಬಿದ್ದ ಮರಳದಂಡೆಗೆ ಹೆಣ್ಣುಗಳೆಲ್ಲ ಒಟ್ಟಾಗಿ ಬರುತ್ತವೆ. ಮರಳು ಬಿಸಿಯಾದರೆ ಹೆಣ್ಣುಮರಿ, ತಂಪಾದರೆ ಗಂಡು. ಎರಡು ತಿಂಗಳೊಳಗೆ ಮರಿ ಹೊರಬರದಿದ್ದರೆ ಏರುವ ಹೊಳೆ ಗೂಡನ್ನೇ ಮುಳುಗಿಸಬಹುದು. ಜಾಗ ಕಡಿಮೆ, ಸಮಯ ಕಡಿಮೆ, ಎಲ್ಲರಿಗೂ ಒಂದೇ ಮುಹೂರ್ತ: ಹುಚ್ಚು ಆಮೆಗಳ ಹುಚ್ಚಿಗೆ ಕಾರಣ ಇದೇ. ಜಾಡಿ ಹಿಡಿದವರಿಗೆ ಸುಗ್ಗಿಯಾದದ್ದೂ ಇದರಿಂದಲೇ.

ಬ್ರೆಜಿಲ್ 1967ರಲ್ಲಿ ಕಾಡುಪ್ರಾಣಿಗಳ ಬೇಟೆಗೆ ಕಾನೂನಿನ ತಡೆ ಹಾಕಿತು, 1979ರಲ್ಲಿ ನದಿಯ ಆಮೆಗಳಿಗೆಂದೇ ಸರ್ಕಾರಿ ಯೋಜನೆ ಶುರು ಮಾಡಿತು. ಅಷ್ಟು ಹೊತ್ತಿಗೆ ಬಹುಪಾಲು ದಂಡೆಗಳು ಬರಿದಾಗಿದ್ದವು. ಈ ಆಮೆ ಇರುವ ಆರು ದೇಶಗಳ ಸಂಶೋಧಕರು ಕೆಲವು ವರ್ಷಗಳ ಹಿಂದೆ ತಮ್ಮ ತಮ್ಮ ಲೆಕ್ಕ ಒಟ್ಟುಗೂಡಿಸಿದಾಗ, ಕಾವಲಿರುವ ಅಥವಾ ನಿಗಾ ಇಟ್ಟಿರುವ ದಂಡೆಗಳಿಗೆಲ್ಲ ಸೇರಿ ಬರುವ ಹೆಣ್ಣುಗಳು ಸುಮಾರು 1,47,000 ಎಂದಾಯಿತು. ಅದರಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಬ್ರೆಜಿಲ್‌ನದು. ಇಕ್ವಡಾರಿನ ಪಾಲು ಬೆರಳೆಣಿಕೆ. ಹಂಬೋಲ್ಟ್ ಮೂರು ದಂಡೆಗೆ ಬರೆದ ಅಂಕಿ 3,30,000. ಈಗ ಆರು ದೇಶ ಸೇರಿದರೂ ಅದರ ಅರ್ಧವಿಲ್ಲ.

ಆದರೆ ಎಣಿಸುವುದನ್ನು ನಾವು ನಿಜಕ್ಕೂ ಕಲಿತದ್ದು ಈಚೆಗೆ. ಬ್ರೆಜಿಲ್ ಮತ್ತು ಬೊಲಿವಿಯಾ ನಡುವೆ ಗಡಿಯಾಗಿ ಹರಿಯುವ ಗ್ವಾಪೊರೆ ನದಿಯ ಮರಳದಂಡೆಗೆ ಪ್ರತಿ ವರ್ಷ ಭಾರೀ ಸಂಖ್ಯೆಯಲ್ಲಿ ಅರ್ರಾವುಗಳು ಬರುತ್ತವೆ. ಎಷ್ಟು? ದಂಡೆಯಲ್ಲಿ ನಿಂತು ಎಣಿಸಿದವರು ಸುಮಾರು 16,000 ಎಂದರು. ಡ್ರೋನ್ ಹಾರಿಸಿ ತೆಗೆದ ಚಿತ್ರಗಳನ್ನು ಹೊಲಿದು ಒಂದೇ ದೊಡ್ಡ ಪಟ ಮಾಡಿ, ಅದರ ಮೇಲೆ ಕಂಡದ್ದನ್ನೆಲ್ಲ ಎಣಿಸಿದರೆ 79,000. ಐದು ಪಟ್ಟು ಅಂತರ! ಯಾರು ಸುಳ್ಳು?

ಇಬ್ಬರೂ ತಪ್ಪು. ಜಾತ್ರೆಯಲ್ಲಿ ತೇರಿನ ಮುಂದೆ ನಿಂತು ತಲೆ ಎಣಿಸುವವನ ಪಾಡು ನೆನೆಸಿಕೊಳ್ಳಿ. ಹಿಂದಿನವರು ಕಾಣುವುದಿಲ್ಲ, ಮುಂದಿನವರು ಸುತ್ತು ಹಾಕಿ ಮತ್ತೆ ಬರುತ್ತಾರೆ. ಡ್ರೋನ್ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಲು ಹೊಡೆಯುತ್ತಾ ಹೋಗುವಷ್ಟರಲ್ಲಿ ಕೆಳಗಿನ ಆಮೆಯೂ ನಡೆಯುತ್ತಿರುತ್ತದೆ. ಆಮೆಯ ನಡೆ ನಿಧಾನವೆಂದು ಯಾರು ಹೇಳಿದರೋ! ಚಿತ್ರದಲ್ಲಿ ನಡೆಯುತ್ತಿದ್ದ ಆಮೆಗಳ ಪೈಕಿ ಐದರಲ್ಲೊಂದು ಒಂದಕ್ಕಿಂತ ಹೆಚ್ಚು ಸಲ ಸಿಕ್ಕಿಬಿದ್ದಿತ್ತು. ಕೆಲವಂತೂ ಒಂದೇ ಪಟದಲ್ಲಿ ಏಳು ಸಲ. ಅತ್ತ ಕಡೆ, ಆ ದಂಡೆಯನ್ನು ಬಳಸುವ ಆಮೆಗಳಲ್ಲಿ ಯಾವುದೇ ಒಂದು ಹಾರಾಟದ ಹೊತ್ತಿಗೆ ಮರಳ ಮೇಲೆ ಇರುತ್ತಿದ್ದುದು ಶೇಕಡಾ 35 ಮಾತ್ರ, ಉಳಿದವು ನೀರಿನಲ್ಲಿ.

ಇದಕ್ಕೆ ಫ್ಲೋರಿಡಾ ವಿಶ್ವವಿದ್ಯಾಲಯದ ಇಸ್ಮಾಯೆಲ್ ಬ್ರಾಕ್ ಮತ್ತು ಜೊತೆಗಾರರು ಮಾಡಿದ ಉಪಾಯ ಬಿಳಿ ಬಣ್ಣ. ಮೂಟೆಯೊಂದರಲ್ಲಿ ಎಷ್ಟು ಅವರೆಕಾಳಿದೆ ಎಂದು ತಿಳಿಯಬೇಕಾದರೆ ಎಲ್ಲವನ್ನೂ ಸುರಿದು ಎಣಿಸಬೇಕಿಲ್ಲ. ನೂರು ಕಾಳಿಗೆ ಬಣ್ಣ ಹಚ್ಚಿ ಮೂಟೆಗೆ ಹಾಕಿ ಚೆನ್ನಾಗಿ ಕಲಸಿ, ಒಂದು ಬೊಗಸೆ ತೆಗೆಯಿರಿ. ಬೊಗಸೆಯಲ್ಲಿ ಐವತ್ತಕ್ಕೊಂದು ಬಣ್ಣದ ಕಾಳು ಬಂದರೆ ಮೂಟೆಯಲ್ಲಿ ಐದು ಸಾವಿರ. ಅವರು 1,187 ಆಮೆಗಳ ಬೆನ್ನಿಗೆ ಬಿಳಿ ಗುರುತು ಹಾಕಿದರು. ಹನ್ನೆರಡು ದಿನ, ದಿನಕ್ಕೆ ನಾಲ್ಕು ಸಲ ಡ್ರೋನ್ ಹಾರಿತು. ಪ್ರತಿ ಹಾರಾಟಕ್ಕೆ 1,500 ಚಿತ್ರ, ಅಂದರೆ ಒಟ್ಟು ಎಪ್ಪತ್ತು ಸಾವಿರಕ್ಕೂ ಹೆಚ್ಚು. ಗುರುತಿದ್ದವು ಎಷ್ಟು ಸಲ ಕಂಡವು, ಎಷ್ಟು ಸಲ ಮರೆಯಾದವು ಎಂಬುದರಿಂದ ಇಮ್ಮಡಿ ಎಣಿಕೆಯನ್ನೂ ಬಿಟ್ಟುಹೋದದ್ದನ್ನೂ ಸರಿದೂಗಿಸಿ, 2025ರಲ್ಲಿ ಪ್ರಕಟಿಸಿದ ಉತ್ತರ: ಸುಮಾರು 41,000. ಈ ಜಾತಿಯ ಆಮೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ನೆರೆಯುವುದನ್ನು ಬೇರೆಲ್ಲೂ ಲೆಕ್ಕ ಹಾಕಿಲ್ಲ. ಇನ್ನೂರ ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಜಾಡಿಯ ಬದಲು ಆಮೆಯನ್ನೇ ಎಣಿಸಿದಂತಾಯಿತು ಎಂದು ನನಗನ್ನಿಸಿತು.

ಬೇಟ್ಸ್ ಕಂಡ ಕಾವಲುಗಾರರೂ ಈಗ ಮರಳಿ ಬಂದಿದ್ದಾರೆ, ಕೆಲಸ ಮಾತ್ರ ಬದಲಾಗಿದೆ. ಅಮೆಜಾನಿನ ಉಪನದಿ ಜುರುವಾದ ದಂಡೆಗಳಲ್ಲಿ ಹಳ್ಳಿಯವರೇ ಮೊಟ್ಟೆಯ ಕಾಲದಲ್ಲಿ ಗುಡಿಸಲು ಹಾಕಿ, ರಾತ್ರಿ ಹಗಲು ಸರದಿಯಲ್ಲಿ ಕಾಯುತ್ತಾರೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಾವಲಿರುವ, ಇಲ್ಲದ ದಂಡೆಗಳನ್ನು ಪಕ್ಕಪಕ್ಕ ಇಟ್ಟು ನೋಡಿತು. ಕಾವಲಿದ್ದ ಕಡೆ ಎರಡು ಸಾವಿರಕ್ಕೂ ಹೆಚ್ಚು ಗೂಡುಗಳಲ್ಲಿ ಕಳ್ಳರ ಪಾಲಾದದ್ದು ಶೇಕಡಾ 2. ಕಾವಲಿಲ್ಲದ ಕಡೆ ಶೇಕಡಾ 99. ಈ ಬರಹದ ತುಂಬಾ ಕೋಟಿ ಲಕ್ಷಗಳೇ ಇವೆ. ಆದರೂ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಈ ಎರಡು ಸಣ್ಣ ಅಂಕಿಗಳು.

ಎಣಿಸಲು ಯಾರೂ ಯೋಚಿಸದಿದ್ದ ಇನ್ನೊಂದಿತ್ತು. ಆಮೆ ಮೂಕಪ್ರಾಣಿ ಎಂದೇ ಎಲ್ಲರೂ ನಂಬಿದ್ದೆವು. ಕಮಿಲಾ ಫೆರಾರಾ ಮತ್ತು ರಿಚರ್ಡ್ ವೋಗ್ಟ್ ಬ್ರೆಜಿಲ್‌ನ ತ್ರೊಂಬೆತಾಸ್ ನದಿಯಲ್ಲಿ ನೀರಿನೊಳಗೆ ಮೈಕ್ ಇಳಿಬಿಟ್ಟು ಕಿವಿಗೊಟ್ಟರು. 220 ಗಂಟೆಗಳ ಧ್ವನಿಮುದ್ರಣದಲ್ಲಿ ಸಿಕ್ಕಿದ್ದು 270ಕ್ಕೂ ಹೆಚ್ಚು ಸದ್ದುಗಳು, ಆರು ಬಗೆಯವು. ಗಂಟೆಗೊಂದು ಮಾತು ಎಂದಿಟ್ಟುಕೊಳ್ಳಿ. ಮಾತು ಚಿಕ್ಕದು, ಮೆಲ್ಲನೆಯದು. ಹೊಳೆಯಲ್ಲಿ ವಲಸೆ ಹೊರಡುವಾಗ ಒಂದು ಬಗೆ, ಮೊಟ್ಟೆಯಿಡುವ ಹೊತ್ತಿಗೆ ಇನ್ನೊಂದು. ಮೊಟ್ಟೆಯಿಟ್ಟ ತಾಯಂದಿರು ಕೂಡಲೇ ಹೊರಟು ಹೋಗುವುದಿಲ್ಲ. ಎರಡು ತಿಂಗಳು ದಂಡೆಯ ಆಸುಪಾಸಿನ ನೀರಿನಲ್ಲೇ ಉಳಿಯುತ್ತವೆ. ಮರಿಗಳು ನೀರಿಗಿಳಿದ ಮೇಲೆ ಇವೂ ಕೂಗುತ್ತವೆ, ಅವೂ ಕೂಗುತ್ತವೆ. ಆಮೇಲೆ ಒಟ್ಟಿಗೇ ಮುಳುಗಡೆ ಕಾಡಿನತ್ತ ಈಜುತ್ತವೆ. ಹುಟ್ಟಿದ ಮೇಲೆ ಆಮೆ ಮರಿಯ ಕಡೆ ನೋಡುತ್ತದೆ ಎಂಬುದಕ್ಕೆ ಸಿಕ್ಕ ಮೊದಲ ಪುರಾವೆ ಅದು.

ಮರಿಗಳ ಮಾತು ಅದಕ್ಕೂ ಮೊದಲೇ ಶುರುವಾಗಿರುತ್ತದೆ. ಮರಳೊಳಗೆ, ಚಿಪ್ಪು ಒಡೆಯುವ ಮುಂಚೆಯೇ, ಮೊಟ್ಟೆಯಿಂದ ಮೊಟ್ಟೆಗೆ ಸದ್ದು ಹೋಗುತ್ತದೆ. ನೂರು ಮರಿ ಒಟ್ಟಿಗೆ ಮರಳು ಬಗೆದು ಮೇಲೆ ಬರಲು ಅದೇ ಸನ್ನೆ ಇರಬೇಕು. ಕಾತುವಾ ದ್ವೀಪದ ಗುಡಿಸಲುಗಳ ಪಕ್ಕ ರಾಶಿ ಬಿದ್ದಿದ್ದ ಮೊಟ್ಟೆಗಳಿಗೆ ಬೇಟ್ಸ್ ಕಿವಿಗೊಟ್ಟಿದ್ದರೂ ಏನೂ ಕೇಳುತ್ತಿರಲಿಲ್ಲ. ಅವನ್ನು ಇಟ್ಟು ಕೆಲವೇ ದಿನಗಳಾಗಿದ್ದವು.